ಹೊಳೆಯ ಉಸಿರು: ಕೃಷ್ಣೆಯ ಗಡಿಯಿಂದ ಒಂದು ಪ್ರಕರಣ ಅಧ್ಯಯನ

ಮಿರಗದ (ಮೃಗಶಿರಾ) ಮಳೆ ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ಕೊಲ್ಹಾಪುರದ ಕಡೆ ಎರಡು ದಿನ ಜೋರಾಗಿ ಸುರಿದಿದೆ ಅಂತ ಸುದ್ದಿ ಮಾತ್ರ ಬಂದಿತ್ತು. ಮೂರನೇ ದಿನ ಬೆಳಗ್ಗೆ ಬಟ್ಟೆ ಒಗೆಯಲು ಹೊಳೆಗೆ ಹೋದ ಹೆಂಗಸರು ಬುಟ್ಟಿ ಹಾಗೇ ಹೊತ್ತು ವಾಪಸ್ ಬಂದರು. ನೀರು ಕಪ್ಪಾಗಿತ್ತು. ದಂಡೆಗುಂಟ ನೊರೆ ಕಟ್ಟಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು.

ನಮ್ಮ ಓಣಿಯ ಒಬ್ಬ ಕಾಕಾ ಚಿಕ್ಕಂದಿನಿಂದ ಮೀನು ಹಿಡಿದು ಬದುಕಿದವರು. ಅವತ್ತು ಬಲೆಯೇ ಬೇಕಿರಲಿಲ್ಲ, ಕೈಯಿಂದ ಎತ್ತಿಕೊಳ್ಳಬಹುದಿತ್ತು. ಅವರು ಎತ್ತಲಿಲ್ಲ. "ಸರ್, ಇವಕ್ಕ ದಮ್ ಹತ್ತೇತ್ರಿ. ಇಂಥಾ ಮೀನಾ ಹೆಂಗ್ ಮಾರ್ಲಿ?" ಅಂದರು.

ನಾನು ಚಿಕ್ಕೋಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಊರಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ನೀರಲ್ಲಿ ಕರಗಿದ ಆಮ್ಲಜನಕದ ಬಗ್ಗೆ ಪಾಠ ಮಾಡಿದ್ದೆ. ಕಾಕಾ ಪಾಠ ಕೇಳಿದವರಲ್ಲ, ಆದರೆ ನಾನು ಬೋರ್ಡಿನ ಮೇಲೆ ಬರೆದದ್ದನ್ನೇ ಅವರು ಒಂದು ಮಾತಲ್ಲಿ ಹೇಳಿದ್ದರು. ಹೊಳೆಗೆ ಉಸಿರು ಕಟ್ಟಿತ್ತು. ಅಲ್ಲಿಂದ ಮುಂದಿನ ಮಿರಗದವರೆಗೆ, ಒಂದು ವರ್ಷ, ಈ ಉಸಿರಿನ ಹಿಂದೆ ಓಡಾಡಿದ ವಿವರ ಇಲ್ಲಿದೆ.

ಊರು, ಹೊಳೆ, ಗಡಿ

ಜಾಗದ ಪರಿಚಯ ಮೊದಲು ಆಗಲಿ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿ, ಸಾಂಗಲಿ ದಾಟಿ ನರಸೋಬಾವಾಡಿಗೆ ಬರುತ್ತದೆ. ನಮ್ಮ ಕಡೆಯವರು ಹುಣ್ಣಿಮೆಗೆ ದತ್ತನ ದರ್ಶನಕ್ಕೆ ಹೋಗುವ ವಾಡಿ ಅದೇ. ಅಲ್ಲಿ ಪಂಚಗಂಗಾ ಬಂದು ಕೂಡುತ್ತದೆ. ಪಂಚಗಂಗಾ ಕೊಲ್ಹಾಪುರದ ಹೊಳೆ. ಕೊಲ್ಹಾಪುರ ದಾಟಿ ಇಚಲಕರಂಜಿ ಪಕ್ಕದಲ್ಲಿ ಹಾದು ಬರುತ್ತದೆ. ಇಚಲಕರಂಜಿ ಮಗ್ಗಗಳ ಊರು, ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಊರು. ನಮ್ಮ ಗಡಿ ಹಳ್ಳಿಗಳ ಜನ ಅಲ್ಲಿಗೆ ದುಡಿಯಲು ಹೋಗುತ್ತಾರೆ. ಆ ಊರಿನ ಅನ್ನ ನಮ್ಮ ಮನೆಗಳಲ್ಲೂ ಬೇಯುತ್ತದೆ, ಅದನ್ನು ಮರೆತು ಮಾತಾಡಬಾರದು.

ಸಂಗಮ ದಾಟಿದ ಮೇಲೆ ರಾಜಾಪುರ ಬಂಧಾರ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಒಡ್ಡು. ಮಳೆಗಾಲದಲ್ಲಿ ದಿನಾ ಪೇಪರ್‌ನಲ್ಲಿ ಬರುವ ಹೆಸರು ಅದು. ಆಮೇಲೆ ಖಿದ್ರಾಪುರದ ಕೋಪೇಶ್ವರ ಗುಡಿ, ಎದುರು ದಂಡೆಗೆ ನಮ್ಮ ಜುಗೂಳ. ಇನ್ನೂ ಕೆಳಗೆ ಕಲ್ಲೋಳ, ಯಡೂರ. ಆ ಭಾಗದಲ್ಲೇ ದೂಧಗಂಗಾ ಬಂದು ಕೃಷ್ಣೆಗೆ ಸೇರುತ್ತದೆ. ಅದೂ ಮಹಾರಾಷ್ಟ್ರದಲ್ಲಿ ಹುಟ್ಟಿದ ಹೊಳೆಯೇ. ದಾರಿಯಲ್ಲಿ ವೇದಗಂಗೆಯನ್ನೂ ಕೂಡಿಸಿಕೊಂಡು ಬರುತ್ತದೆ.

ಈ ಕಪ್ಪು ನೀರು ಜೂನ್‌ನಲ್ಲೇ ಯಾಕೆ ಬರುತ್ತದೆ? ಬೇಸಿಗೆಯಲ್ಲಿ ನಮ್ಮ ಹೊಳೆ ಹರಿಯುವುದೇ ಇಲ್ಲ ಅನ್ನಬಹುದು. ಬಂಧಾರದಿಂದ ಬಂಧಾರಕ್ಕೆ ನಿಂತ ಕೆರೆಗಳ ಸಾಲು ಅದು. ಊರುಗಳ ಗಟಾರದ ನೀರು, ಬಣ್ಣದ ನೀರು, ಕಬ್ಬಿನ ಹೊಲದಿಂದ ಇಳಿದ ಗೊಬ್ಬರ ಎಲ್ಲವೂ ಆ ನಿಂತ ನೀರಿನ ತಳದಲ್ಲಿ ಕೂತಿರುತ್ತದೆ. ಮೇಲೆ ಜಲಪರ್ಣಿ ಅನ್ನುವ ತೇಲುವ ಕಳೆ ಹಾಸಿಕೊಂಡಿರುತ್ತದೆ. ಮೊದಲ ಮಳೆಗೆ ಬಂಧಾರದ ಹಲಗೆ ತೆಗೆದರೆ, ನಾಲ್ಕು ತಿಂಗಳ ರಾಡಿ ಒಂದೇ ದಿನ ಹೊರಡುತ್ತದೆ. ಆ ರಾಡಿಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಅದರ ಮೇಲೆ ಬಿಸಿಲ ಕಾಲ. 20 ಡಿಗ್ರಿ ಇರುವ ಸ್ವಚ್ಛ ನೀರಿನಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ. 30 ಡಿಗ್ರಿಗೆ ಅದು ಸುಮಾರು 7.5ಕ್ಕೆ ಇಳಿಯುತ್ತದೆ. ಇರುವುದೇ ಕಡಿಮೆ, ಅದನ್ನೂ ರಾಡಿ ತಿಂದರೆ ಮೀನಿಗೆ ಏನು ಉಳಿಯುತ್ತದೆ?

ಮೇಲಿನವರು ಸುಖವಾಗಿದ್ದಾರೆ ಅಂತ ಯಾರೂ ತಿಳಿಯಬೇಡಿ. 2012ರಲ್ಲಿ ಇಚಲಕರಂಜಿಯಲ್ಲಿ ಕಾಮಾಲೆ ಹರಡಿ ಸಾವಿರಾರು ಜನ ಹಾಸಿಗೆ ಹಿಡಿದರು, ಸಾವುಗಳೂ ಆದವು. ಶಿರೋಳ ತಾಲೂಕಿನ ಬಂಧಾರಗಳ ಹಿಂದೆ ಸತ್ತ ಮೀನಿನ ರಾಶಿ ನೋಡಿ ಅಲ್ಲಿನ ಜನ ಎಷ್ಟು ಸಲ ಬೀದಿಗಿಳಿದಿದ್ದಾರೆ. ಕೆಟ್ಟ ನೀರು ಮೊದಲು ಅವರಿಗೇ ಸಿಗುತ್ತದೆ, ಆಮೇಲೆ ನಮಗೆ.

ಮೂರು ಬಾಟಲಿ

ಮೊದಲ ವರ್ಷ ನಾವು ಮಾಡಿದ ಕೆಲಸ ಸಣ್ಣದು. ಕಪ್ಪು ನೀರು ಬಂದ ದಿನವೇ ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಮೂರು ಕಡೆ ನೀರು ಹಿಡಿದೆ. ಒಂದು, ದೂಧಗಂಗಾ ಸೇರುವ ಮೊದಲು ಕೃಷ್ಣೆಯ ನೀರು. ಎರಡು, ದೂಧಗಂಗೆಯದು. ಮೂರನೆಯದು ನಮ್ಮೂರ ಗಟಾರ ಹೊಳೆಗೆ ಬೀಳುವ ಜಾಗದ್ದು. ಮೂರನೆಯದನ್ನು ಹಿಡಿಯಲು ಹೇಳಿದ್ದು ನಾನಲ್ಲ. ಒಬ್ಬ ಹುಡುಗಿ ಕೇಳಿದಳು: "ಸರ್, ನಮ್ಮ ಗಟಾರದ್ದು ಬ್ಯಾಡೇನ್ರಿ?" ಬೇಡ ಅನ್ನಲು ನನ್ನ ಹತ್ತಿರ ಕಾರಣ ಇರಲಿಲ್ಲ.

ಪರೀಕ್ಷೆ ಹಳೆಯದು, ವಿಂಕ್ಲರ್ ವಿಧಾನ. ಗಾಜಿನ ಬಿರಡೆ ಇರುವ ಬಾಟಲಿಗೆ ಗುಳ್ಳೆ ಏಳದಂತೆ ನೀರು ತುಂಬಬೇಕು. ಅದಕ್ಕೆ ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರ ಬೆರೆಸಿದ ಅಯೋಡೈಡ್ ಹಾಕಿ ಬಾಟಲಿ ಮಗುಚಿ ಅಲುಗಾಡಿಸಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಮಡ್ಡಿ ಕೂರುತ್ತದೆ. ಇಲ್ಲದಿದ್ದರೆ ಮಡ್ಡಿ ಹಾಲಿನಂತೆ ಬಿಳಿ. ಪೂರ್ತಿ ಲೆಕ್ಕ ಬೇಕಾದರೆ ಮುಂದೆ ಆಮ್ಲ ಹಾಕಿ, ಗಂಜಿ ಹಾಕಿ, ನೀಲಿ ಬಣ್ಣ ಹೋಗುವವರೆಗೆ ಥಯೋಸಲ್ಫೇಟ್ ಬಿಡಬೇಕು. ಆದರೆ ಊರ ಜನಕ್ಕೆ ತೋರಿಸಲು ಮೊದಲ ಹಂತವೇ ಸಾಕು. ಬಣ್ಣ ಎಲ್ಲರಿಗೂ ಕಾಣುತ್ತದೆ. ಈ ದ್ರಾವಣಗಳು ಕೈ ಸುಡುತ್ತವೆ, ಅದಕ್ಕೆ ಹಾಕುವ ಕೆಲಸ ನಾನೇ ಮಾಡುತ್ತೇನೆ, ನೀರು ಹಿಡಿಯುವುದು ಮತ್ತು ಬರೆಯುವುದು ಮಕ್ಕಳದು.

ಶಾಲೆಯ ಬಾವಿ ಕಟ್ಟೆಯ ಮೇಲೆ ಬಾಟಲಿ ಸಾಲಾಗಿ ಇಟ್ಟೆವು. ಹೋಲಿಸಿ ನೋಡಲು ನಲ್ಲಿ ನೀರಿನ ಬಾಟಲಿಯನ್ನೂ ಪಕ್ಕಕ್ಕಿಟ್ಟೆವು. ನಲ್ಲಿಯದು ಒಳ್ಳೆ ಚಹದ ಕಂದು. ದೂಧಗಂಗೆಯದು ತಿಳಿ ಕಂದು. ಕೃಷ್ಣೆಯದು ಬಿಳಿಗೆ ತಿರುಗಿತ್ತು. ನಮ್ಮ ಗಟಾರದ್ದು ಅಚ್ಚ ಬಿಳಿ.

ಮಕ್ಕಳು ಸುಮ್ನೆ ನಿಂತರು. ಅವರಷ್ಟೇ ಅಲ್ಲ, ನೋಡಲು ಬಂದಿದ್ದ ಹಿರಿಯರೂ ಸುಮ್ಮನಾದರು. ಅಲ್ಲಿಯವರೆಗೆ ಮಾತೆಲ್ಲ "ಮಹಾರಾಷ್ಟ್ರದವರು ಹೊಲಸು ಬಿಡತಾರ" ಅನ್ನುವುದೇ ಆಗಿತ್ತು. ಆ ಮಾತು ಪೂರ್ತಿ ಸುಳ್ಳಲ್ಲ, ಕೃಷ್ಣೆಯ ಬಾಟಲಿ ಅದನ್ನೇ ಹೇಳುತ್ತಿತ್ತು. ಆದರೆ ಪಕ್ಕದ ಬಾಟಲಿ ನಮ್ಮ ಮನೆಗಳಿಂದ ಬಂದದ್ದು. ನಾವು ಜುಗೂಳಕ್ಕೆ ಕೆಳಗಿನವರು, ನಿಜ. ಕುಡಚಿಗೆ, ಜಮಖಂಡಿಗೆ ನಾವು ಮೇಲಿನವರು. ಇದೇ ನೀರು ಹಿಪ್ಪರಗಿ ದಾಟಿ ಆಲಮಟ್ಟಿಗೆ ಹೋಗುತ್ತದೆ. ಆಲಮಟ್ಟಿಯ ಹಿನ್ನೀರಿಂದ, ಕೊಲ್ಹಾರದ ಹತ್ತಿರ ಎತ್ತಿ, ಶುದ್ಧ ಮಾಡಿ ವಿಜಯಪುರದ ನಲ್ಲಿಗಳಿಗೆ ಕೊಡುತ್ತಾರೆ. ನಮ್ಮ ಗಟಾರದ ಕೆಳಗೆ ಒಂದು ಇಡೀ ಶಹರ ನೀರು ಕುಡಿಯುತ್ತದೆ.

ಸಮುದ್ರ ಇಲ್ಲದ ಊರು, ಸಮುದ್ರದ ಪಾಠ

ಹಂಚಿಕೊಂಡ ನೀರನ್ನು ಸರಿ ಮಾಡಿದವರು ಜಗತ್ತಲ್ಲಿ ಯಾರಾದರೂ ಇದ್ದಾರಾ ಅಂತ ನಾನು ಹುಡುಕುತ್ತಾ ಹೋದೆ. ಸಿಕ್ಕಿದ್ದು ಹೊಳೆಯಲ್ಲ, ಒಂದು ಸಮುದ್ರ. ಯುರೋಪಿನ ಉತ್ತರಕ್ಕಿರುವ ಬಾಲ್ಟಿಕ್ ಸಮುದ್ರ.

ಚಿಕ್ಕೋಡಿಯವರಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಮೊದಲು ನನಗೂ ಅನಿಸಿತ್ತು. ಆದರೆ ಬಾಲ್ಟಿಕ್ ಕೂಡ ಒಂದು ರೀತಿ ನಮ್ಮ ಬಂಧಾರದ ನೀರಿನಂಥದ್ದೇ. ಸರಾಸರಿ ಆಳ ಸುಮಾರು 55 ಮೀಟರ್ ಅಷ್ಟೇ. ದೊಡ್ಡ ಸಮುದ್ರಕ್ಕೆ ತೆರೆಯುವ ಬಾಯಿ ಡೆನ್ಮಾರ್ಕ್ ಹತ್ತಿರದ ಕಿರಿದಾದ ಜಲಸಂಧಿಗಳು. ಒಳಗಿನ ನೀರು ಪೂರ್ತಿ ಬದಲಾಗಲು ಸುಮಾರು 30 ವರ್ಷ ಬೇಕು. ಸಮುದ್ರದ ವಿಸ್ತಾರ 4 ಲಕ್ಷ ಚದರ ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ, ಆದರೆ ಅದಕ್ಕೆ ನೀರು ಹರಿಸುವ ನೆಲ ಅದರ ನಾಲ್ಕು ಪಟ್ಟು. ಆ ನೆಲದ ಮೇಲೆ ಸುಮಾರು 8.5 ಕೋಟಿ ಜನ. ದಂಡೆಯ ಮೇಲೆ ಇರುವ ದೇಶ 9. ನೀರು ಕಳಿಸುವ ದೇಶ 14. ಚೆಕ್ ದೇಶಕ್ಕೆ ಸಮುದ್ರವೇ ಇಲ್ಲ. ಆದರೂ ಅದರ ಗಟಾರ ಓಡರ್ ನದಿ ಹಿಡಿದು ಬಾಲ್ಟಿಕ್ ಸೇರುತ್ತದೆ. ನಾವು ಬಂಗಾಳ ಕೊಲ್ಲಿಗೆ ಚೆಕ್‌ನವರ ಹಾಗೆ. ಕೃಷ್ಣೆ ಆಂಧ್ರದ ಹಂಸಲದೀವಿಯಲ್ಲಿ ಸಮುದ್ರ ಸೇರುತ್ತಾಳೆ. ಅಲ್ಲಿಯವರೆಗೆ ಉಳಿದದ್ದರಲ್ಲಿ ನಮ್ಮದೂ ಒಂದು ಪಾಲು ಇದೆ.

ಬಾಲ್ಟಿಕ್‌ನ ರೋಗ ನಮ್ಮ ಹೊಳೆಯ ರೋಗವೇ. ಗಟಾರದಿಂದ, ಹೊಲದಿಂದ ಸಾರಜನಕ ಮತ್ತು ರಂಜಕ (ಫಾಸ್ಫರಸ್) ಬರುತ್ತವೆ. ನಾವು ಕಬ್ಬಿಗೆ ಹಾಕುವ ಡಿಎಪಿಯಲ್ಲಿ ಇರುವ ರಂಜಕವೇ ಅದು. ಪಾಚಿ ಬೆಳೆಯುತ್ತದೆ, ಸತ್ತು ತಳಕ್ಕೆ ಬೀಳುತ್ತದೆ, ಕೊಳೆಯುವಾಗ ಆಮ್ಲಜನಕ ತಿನ್ನುತ್ತದೆ. ಸಮುದ್ರದ ತಳದಲ್ಲಿ ಸಾವಿರಾರು ಚದರ ಕಿಲೋಮೀಟರ್ ಉಸಿರಿಲ್ಲದೆ ಬಿದ್ದಿದೆ.

ಈಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿಗೆ ಬರುತ್ತೇನೆ. 1974ರ ಮಾರ್ಚ್ 22ರಂದು ಹೆಲ್ಸಿಂಕಿಯಲ್ಲಿ ಬಾಲ್ಟಿಕ್ ದಂಡೆಯ ಏಳು ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಆಗ ಯುರೋಪ್ ಎರಡು ಬಣ ಆಗಿತ್ತು. ಎರಡೂ ಕಡೆ ಅಣುಬಾಂಬು ಇಟ್ಟುಕೊಂಡು ಕೂತಿದ್ದರು. ಸಹಿ ಹಾಕಿದವರಲ್ಲಿ ಸೋವಿಯತ್ ಒಕ್ಕೂಟ ಇತ್ತು, ಪಶ್ಚಿಮ ಜರ್ಮನಿ ಇತ್ತು, ಪೂರ್ವ ಜರ್ಮನಿಯೂ ಇತ್ತು. ನಡುವೆ ಗೋಡೆ ಕಟ್ಟಿಕೊಂಡ ಎರಡು ಜರ್ಮನಿಗಳು ಒಂದೇ ಕಾಗದದ ಮೇಲೆ ಸಹಿ ಮಾಡಿದ್ದು ನೀರಿಗಾಗಿ. ಮರುದಿನ, 1974ರ ಮಾರ್ಚ್ 23ಕ್ಕೆ, ನಮ್ಮ ದೇಶದ ಜಲ ಮಾಲಿನ್ಯ ತಡೆ ಕಾಯ್ದೆ ಬಂತು. ಒಂದೇ ದಿನದ ಅಂತರ.

ಅವರ ಒಪ್ಪಂದ ಮೊದಲ ದಿನದಿಂದ ಪೂರ್ಣವಾಗಿರಲಿಲ್ಲ. ಸಮುದ್ರದ ನಡುವಿನ ನೀರಿನ ಬಗ್ಗೆ ಮಾತಾಡೋಣ, ನಮ್ಮ ದಂಡೆಗೆ ಹತ್ತಿದ ಒಳನೀರಿಗೆ ಕೈ ಹಾಕಬೇಡಿ ಅಂತ ದೇಶಗಳು ಅದನ್ನು ಹೊರಗಿಟ್ಟಿದ್ದವು. ಒಳನೀರನ್ನೂ, ನೀರು ಹರಿಸುವ ಇಡೀ ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು 1992ರ ಹೊಸ ಒಪ್ಪಂದದಲ್ಲಿ. ಅಂದರೆ ಪಕ್ಕದವರನ್ನು ಹಿತ್ತಲಿಗೆ ಕರೆಯಲು ಅವರಿಗೆ 18 ವರ್ಷ ಬೇಕಾಯಿತು. ಆದರೆ ಆ 18 ವರ್ಷ ಅವರು ಸುಮ್ನೆ ಕೂತಿರಲಿಲ್ಲ. ಅಳೆಯುತ್ತಿದ್ದರು. ಒಂದೇ ವಿಧಾನ, ಒಂದೇ ತರದ ಲೆಕ್ಕ, ಯಾವ ನದಿಯಿಂದ ಎಷ್ಟು ರಂಜಕ ಬಂತು ಅನ್ನುವ ಪಟ್ಟಿ. ಬೇರೆ ಬೇರೆ ದೇಶದ ಲ್ಯಾಬ್‌ಗಳು ಒಂದೇ ಮಾದರಿ ನೀರನ್ನು ಅಳೆದು ಉತ್ತರ ತಾಳೆ ನೋಡುತ್ತಿದ್ದವು.

ಇದು ಯಾಕೆ ಮುಖ್ಯ ಅಂದರೆ, ಅಳತೆ ಬೇರೆ ಆದರೆ ಜಗಳಕ್ಕೆ ಕೊನೆ ಇರುವುದಿಲ್ಲ. ಬಿಒಡಿ ಅನ್ನುವ ಲೆಕ್ಕವನ್ನೇ ನೋಡಿ. ನೀರಿನ ರಾಡಿ ತಿನ್ನಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆ ಅದು. ಯುರೋಪಿನ ಬಹಳಷ್ಟು ಕಡೆ ಬಾಟಲಿಯನ್ನು 20 ಡಿಗ್ರಿಯಲ್ಲಿ 5 ದಿನ ಇಟ್ಟು ನೋಡುತ್ತಾರೆ. ನಮ್ಮಲ್ಲಿ 27 ಡಿಗ್ರಿಯಲ್ಲಿ 3 ದಿನ. ಎರಡೂ ಸರಿಯೇ, ಆದರೆ ಅಂಕಿ ಹೇಳುವಾಗ ಯಾವುದು ಅಂತ ಹೇಳಬೇಕು. ಬೆಳಗಿನ ಜಾವ ಹಿಡಿದ ನೀರು, ಮಧ್ಯಾಹ್ನ ಹಿಡಿದ ನೀರು ಬೇರೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ತಿನ್ನುತ್ತದೆ. ಮಧ್ಯಾಹ್ನ ಅಳೆದವನು "ಹೊಳೆ ಚೆನ್ನಾಗಿದೆ" ಅನ್ನುತ್ತಾನೆ. ನಸುಕಿನಲ್ಲಿ ಅಳೆದವನು "ಸತ್ತಿದೆ" ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳಿಲ್ಲ.

ಬಾಲ್ಟಿಕ್‌ನ ಎರಡು ಘಟನೆ ಹೇಳಲೇಬೇಕು. ಮೊದಲನೆಯದು ಸೇಂಟ್ ಪೀಟರ್ಸ್‌ಬರ್ಗ್‌ನದು. ದಂಡೆಯ ಮೇಲಿನ ಅತಿ ದೊಡ್ಡ ಶಹರ ಅದು. 1970ರ ದಶಕದ ಕೊನೆಯವರೆಗೂ ಅಲ್ಲಿನ ಗಟಾರ ನೀರು ಹಾಗೇ ಫಿನ್ಲೆಂಡ್ ಕೊಲ್ಲಿಗೆ ಬೀಳುತ್ತಿತ್ತು. ಎದುರು ದಂಡೆಯ ಫಿನ್ಲೆಂಡ್ ತನ್ನ ಊರುಗಳ ಗಟಾರವನ್ನು ಆಗಲೇ ಚೆನ್ನಾಗಿ ಶುದ್ಧ ಮಾಡುತ್ತಿತ್ತು. ತನ್ನಲ್ಲಿ ಇನ್ನೊಂದು ಕಿಲೋ ರಂಜಕ ತೆಗೆಯಲು ಬಹಳ ಖರ್ಚು, ಅದೇ ಹಣದಲ್ಲಿ ಆಚೆ ದಂಡೆಯಲ್ಲಿ ಎಷ್ಟೋ ಪಟ್ಟು ತೆಗೆಯಬಹುದು ಅಂತ ಅವರು ಲೆಕ್ಕ ಹಾಕಿದರು. ಫಿನ್ಲೆಂಡ್, ಸ್ವೀಡನ್ ಮತ್ತಿತರರ ನೆರವಿನಿಂದ ಆ ಶಹರದ ನೈರುತ್ಯ ಭಾಗದ ದೊಡ್ಡ ಶುದ್ಧೀಕರಣ ಘಟಕ 2005ರಲ್ಲಿ ಶುರುವಾಯಿತು. ಪಕ್ಕದವರ ಗಟಾರಕ್ಕೆ ತಮ್ಮ ದುಡ್ಡು ಹಾಕಿದರು. ಅದು ದಾನ ಅಂತ ನನಗೆ ಅನಿಸುವುದಿಲ್ಲ, ತಮ್ಮ ದಂಡೆ ಉಳಿಸಿಕೊಳ್ಳಲು ಅದೇ ಹತ್ತಿರದ ದಾರಿಯಾಗಿತ್ತು. ಬೆಂಗಳೂರಿನ ದುಡ್ಡಲ್ಲಿ ಇಚಲಕರಂಜಿಯ ಒಂದು ನಾಲೆ ಶುದ್ಧ ಮಾಡೋಣ ಅಂತ ನಮ್ಮಲ್ಲಿ ಯಾರಾದರೂ ಹೇಳಿದರೆ ಏನಾಗುತ್ತದೆ, ಯೋಚಿಸಿ. ನನಗೆ ಆ ಮಾತು ಹುಚ್ಚಾಗಿ ಕಾಣುವುದಿಲ್ಲ.

ಎರಡನೆಯದು ಲುಗಾ ಅನ್ನುವ ನದಿ, ಅದೂ ರಷ್ಯಾದ್ದು. ಆ ನದಿಯಿಂದ ಕೊಲ್ಲಿಗೆ ಬರುವ ರಂಜಕ ಅಂದಾಜಿಗಿಂತ ತುಂಬಾ ಜಾಸ್ತಿ ಅಂತ ಅಳತೆಯಲ್ಲಿ ಗೊತ್ತಾಯಿತು. ಮೇಲೆ ಹೋಗಿ ಹುಡುಕಿದಾಗ ಒಂದು ಗೊಬ್ಬರ ಕಾರ್ಖಾನೆಯ ತ್ಯಾಜ್ಯದ ಗುಡ್ಡದಿಂದ ಸೋರಿಕೆ ಆಗುತ್ತಿತ್ತು. 2012ರ ಹೊತ್ತಿಗೆ ಅದು ದೊಡ್ಡ ಸುದ್ದಿ. ಸೋರಿಕೆ ನಿಂತ ಮೇಲೆ ಫಿನ್ಲೆಂಡ್ ಕೊಲ್ಲಿಗೆ ಬರುವ ರಂಜಕ ಗಣನೀಯವಾಗಿ ಇಳಿಯಿತು. ಅಳತೆಯ ಪಟ್ಟಿ ಇರದಿದ್ದರೆ ಆ ಗುಡ್ಡ ಇನ್ನೂ ಸೋರುತ್ತಲೇ ಇರುತ್ತಿತ್ತು.

ಹಾಗಂತ ಬಾಲ್ಟಿಕ್ ಗುಣವಾಯಿತು ಅಂತ ಹೇಳಲಾರೆ. 2007ರಲ್ಲಿ ಎಲ್ಲ ದೇಶಗಳೂ ಕ್ರಿಯಾ ಯೋಜನೆ ಮಾಡಿ, ಯಾರು ಎಷ್ಟು ಕಡಿಮೆ ಮಾಡಬೇಕು ಅಂತ ಹಂಚಿಕೊಂಡು, 2021ಕ್ಕೆ ಗುರಿ ಇಟ್ಟಿದ್ದರು. ಗುರಿ ಮುಟ್ಟಲಿಲ್ಲ, ಯೋಜನೆಯನ್ನು ಮತ್ತೆ ತಿದ್ದಿದರು. ಹೊರಗಿಂದ ಬರುವ ಹೊಲಸು ಕಡಿಮೆಯಾದರೂ ತಳದಲ್ಲಿ ಕೂತ ಹಳೆಯ ರಂಜಕ ಮತ್ತೆ ಮೇಲೆ ಬರುತ್ತಲೇ ಇದೆ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದ ಮೇಲೆ ರಷ್ಯಾ ಇರುವ ಸಭೆಗಳೇ ನಿಂತವು. ಅದೇ ವರ್ಷ ಡಿಸೆಂಬರ್‌ನಲ್ಲಿ ನಮ್ಮ ಗಡಿ ಗಲಾಟೆಯಿಂದ ಎರಡೂ ರಾಜ್ಯದ ಬಸ್ಸುಗಳು ನಿಂತದ್ದು ನಿಮಗೆ ನೆನಪಿರಬಹುದು. ಹೊಳೆ ಮಾತ್ರ ನಿಲ್ಲಲಿಲ್ಲ. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ.

ಕ್ಯೂಸೆಕ್ ಬರುತ್ತದೆ, ಉಸಿರಿನ ಲೆಕ್ಕ ಬರುವುದಿಲ್ಲ

ಮಳೆಗಾಲದಲ್ಲಿ ನಮ್ಮೂರ ಯಾವ ಹುಡುಗನನ್ನು ಬೇಕಾದರೂ ಕೇಳಿ. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ಎಷ್ಟು ಬಿಟ್ಟಿದ್ದಾರೆ, ರಾಜಾಪುರದಿಂದ ಎಷ್ಟು ಕ್ಯೂಸೆಕ್ ಬರುತ್ತಿದೆ, ದೂಧಗಂಗೆಯಿಂದ ಎಷ್ಟು ಅಂತ ಮೊಬೈಲ್ ನೋಡಿ ಹೇಳುತ್ತಾನೆ. ಇದು ಸುಮ್ನೆ ಬಂದದ್ದಲ್ಲ. 2019ರ ಆಗಸ್ಟ್‌ನ ಮಹಾಪೂರದಲ್ಲಿ ಚಿಕ್ಕೋಡಿ, ಅಥಣಿ, ರಾಯಬಾಗ, ಆಚೆ ಶಿರೋಳ, ಸಾಂಗಲಿ ಎಲ್ಲ ಮುಳುಗಿದ್ದವು. 2021ರ ಜೂನ್‌ನಲ್ಲಿ ಎರಡೂ ಸರ್ಕಾರದವರು ಬೆಂಗಳೂರಿನಲ್ಲಿ ಕೂತು, ನೀರು ಬಿಡುವ ಲೆಕ್ಕವನ್ನು ಆಗಿಂದಾಗ್ಗೆ ಹಂಚಿಕೊಳ್ಳಲು ಮಾತಾಡಿಕೊಂಡರು. ಎರಡೂ ಕಡೆಯ ನೀರಾವರಿ ಅಧಿಕಾರಿಗಳು ಮಳೆಗಾಲದಲ್ಲಿ ದಿನಾ ಮಾತಾಡುತ್ತಾರೆ. ಇದರಿಂದ ಜೀವ ಉಳಿದಿವೆ. ನಮ್ಮ ಊರಿನವರೇ ದನ ಕರು ಬಿಚ್ಚಿಕೊಂಡು ಮೊದಲೇ ಮೇಲಿನ ದಿಬ್ಬಕ್ಕೆ ಹೋದದ್ದು ಆ ಅಂಕಿ ನೋಡಿಯೇ.

ಅಂದರೆ ದಾರಿ ಇದೆ. ಆ ದಾರಿಯಲ್ಲಿ ನೀರು ಎಷ್ಟು ಅನ್ನುವುದು ಬರುತ್ತದೆ, ನೀರು ಹೇಗಿದೆ ಅನ್ನುವುದು ಬರುವುದಿಲ್ಲ. ನಮ್ಮ ಹೊಳೆಯ ಕಥೆಯೇ ಹಾಗೆ. 1973ರಲ್ಲಿ ಬಚಾವತ್ ನ್ಯಾಯಮಂಡಳಿ ಕೃಷ್ಣೆಯನ್ನು ಹಂಚಿತು. ಮಹಾರಾಷ್ಟ್ರಕ್ಕೆ 560 ಟಿಎಂಸಿ, ಕರ್ನಾಟಕಕ್ಕೆ 700, ಆಗಿನ ಆಂಧ್ರಕ್ಕೆ 800. ಆಮೇಲೆ ಇನ್ನೊಂದು ನ್ಯಾಯಮಂಡಳಿ ಬಂತು. ಐವತ್ತು ವರ್ಷದಿಂದ ಜಗಳ ಟಿಎಂಸಿಯಲ್ಲೇ ನಡೆದಿದೆ. ಬೇಸಿಗೆಯಲ್ಲಿ ನಮ್ಮವರು ಕೊಯ್ನಾದಿಂದ ನೀರು ಬಿಡಿ ಅಂತ ಕೇಳುವಾಗಲೂ ಎಷ್ಟು ಟಿಎಂಸಿ ಅಂತಲೇ ಕೇಳುತ್ತಾರೆ.

ಕಾನೂನಿನಲ್ಲಿ ಜಾಗ ಇಲ್ಲ ಅನ್ನುವ ಹಾಗೂ ಇಲ್ಲ. ಆ 1974ರ ಕಾಯ್ದೆಯ 13ನೇ ಕಲಮು ಓದಿ. ಅಕ್ಕಪಕ್ಕದ ರಾಜ್ಯಗಳು ಒಪ್ಪಂದ ಮಾಡಿಕೊಂಡು ಜಂಟಿ ಮಂಡಳಿ ರಚಿಸಿಕೊಳ್ಳಬಹುದು ಅಂತ ಸ್ಪಷ್ಟವಾಗಿ ಇದೆ. ಕಾಯ್ದೆ ಮೊದಲು ಜಾರಿಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮಹಾರಾಷ್ಟ್ರಕ್ಕೆ ಅದಕ್ಕಿಂತ ಮೊದಲೇ, 1969ರಲ್ಲೇ, ತನ್ನದೇ ಜಲ ಮಾಲಿನ್ಯ ಕಾನೂನು ಇತ್ತು. ಎರಡೂ ಕಡೆ ಮಂಡಳಿ ಇವೆ, ಲ್ಯಾಬ್ ಇವೆ, ನೀರು ಹಿಡಿಯುವ ಜಾಗಗಳಿವೆ. ಕೃಷ್ಣೆಗೆ ಜಂಟಿ ಮಂಡಳಿ ಮಾತ್ರ ಇಲ್ಲ.

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ ನೀರು ಕೆಟ್ಟ 351 ನದಿ ಭಾಗಗಳನ್ನು ಗುರುತಿಸಿತು. ಮಹಾರಾಷ್ಟ್ರದಲ್ಲಿ 53, ಕರ್ನಾಟಕದಲ್ಲಿ 17. ಪಂಚಗಂಗಾ ಆ ಕಡೆಯ ಪಟ್ಟಿಯಲ್ಲಿತ್ತು. ನಮ್ಮ ಕೃಷ್ಣೆ ಈ ಕಡೆಯ ಪಟ್ಟಿಯಲ್ಲಿ, ಯಡೂರವಾಡಿಯಿಂದ ತಿಂಥಣಿ ಸೇತುವೆವರೆಗೆ. ನಾನು ಆ ಸಾಲನ್ನು ಎರಡು ಸಲ ಓದಿದೆ. ಕಾಗದದ ಮೇಲೆ ನಮ್ಮ ಹೊಳೆಯ ರೋಗ ಗಡಿಯ ಹತ್ತಿರದ ಯಡೂರವಾಡಿಯಲ್ಲಿ ಶುರುವಾಗುತ್ತದೆ. ಮೇಲಿನ ನೀರು ಇನ್ನೊಂದು ರಾಜ್ಯದ ಹಾಳೆಯಲ್ಲಿದೆ. ಎರಡು ಹಾಳೆ ಜೋಡಿಸಿ ನೋಡದೆ ಈ ಹೊಳೆಗೆ ಮದ್ದು ಸಿಗುವುದಿಲ್ಲ.

ಸಮುದ್ರದ ಮಟ್ಟದಲ್ಲಿ ನಮ್ಮ ಭಾಗದ ದೇಶಗಳೂ ಸುಮ್ಮನಿಲ್ಲ. ಭಾರತ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ ಸೇರಿ 1995ರಲ್ಲಿ ದೆಹಲಿಯಲ್ಲಿ ದಕ್ಷಿಣ ಏಷ್ಯಾದ ಸಮುದ್ರಗಳಿಗೆ ಒಂದು ಕ್ರಿಯಾ ಯೋಜನೆ ಒಪ್ಪಿಕೊಂಡಿವೆ. ನೆಲದಿಂದ ಹರಿದು ಬರುವ ಹೊಲಸು ಅದರಲ್ಲೂ ಒಂದು ಮುಖ್ಯ ವಿಷಯ. ಆ ನೆಲದಲ್ಲಿ ನಮ್ಮ ಚಿಕ್ಕೋಡಿಯೂ ಇದೆ ಅನ್ನುವುದು ದೆಹಲಿಗೂ ನೆನಪಿರಬೇಕು, ನಮಗೂ ನೆನಪಿರಬೇಕು.

ಆಚೆ ದಂಡೆಯ ಶಾಲೆ

ಸರ್ಕಾರಗಳು ಕೂರಲಿ ಅಂತ ಕಾಯಬೇಕಾ? ಈಗಿನ ಬಾಗಲಕೋಟೆ ಜಿಲ್ಲೆಯವರು ಒಂದು ಸಲ ಕಾಯಲಿಲ್ಲ. 1989ರಲ್ಲಿ ಜಮಖಂಡಿ ಭಾಗದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ವಂತಿಗೆ ಹಾಕಿ, ಮೈಮುರಿದು ದುಡಿದು, ಇದೇ ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿದರು. ಅದೇ ಶ್ರಮಬಿಂದು ಸಾಗರ. ನಮ್ಮದು ಅಂಥ ದೊಡ್ಡ ಕೆಲಸ ಅಲ್ಲ. ಬಾಟಲಿ ಅಲುಗಾಡಿಸುವುದು ಅಷ್ಟೇ.

ಶಿರೋಳ ತಾಲೂಕಿನ ಒಂದು ಮರಾಠಿ ಶಾಲೆಯಲ್ಲಿ ನನ್ನ ಹೆಂಡತಿಯ ಸಂಬಂಧಿಕರೊಬ್ಬರು ಮಾಸ್ತರರು. ದೀಪಾವಳಿಗೆ ಬಂದಾಗ ಬಾಟಲಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ನಿಮ್ಮದು ಬಿಳಿ ಆದ್ರ ನಮ್ಮದು ಎಷ್ಟು ಬಿಳಿ ಇರಬೇಕು?" ಅಂದರು. ಅವರ ಊರು ಪಂಚಗಂಗೆಯ ದಂಡೆಗೇ ಇದೆ. ಸಂಕ್ರಾಂತಿ ಹೊತ್ತಿಗೆ ಎರಡೂ ಶಾಲೆಗಳಲ್ಲಿ ಒಂದೇ ಕೆಲಸ ಶುರು ಮಾಡಿದೆವು. ತಿಂಗಳಿಗೆ ಎರಡು ಸಲ, ಅಮಾವಾಸ್ಯೆ ಮತ್ತು ಹುಣ್ಣಿಮೆ. ಮಕ್ಕಳಿಗೆ ನೆನಪಿಡಲು ಸುಲಭ ಅಂತ ಆ ದಿನ. ಬೆಳಗ್ಗೆ ಆರೂವರೆಗೆ, ದಂಡೆಯಿಂದ ಒಂದೇ ದೂರ, ಮೊಣಕೈ ಆಳದಲ್ಲಿ. ದ್ರಾವಣಗಳನ್ನು ಒಂದೇ ಕಡೆ ತಯಾರಿಸಿ ಎರಡು ಪಾಲು ಮಾಡಿದೆವು. ಬಣ್ಣ ನೋಡಿ ಹೇಳುವುದರಲ್ಲಿ ತಪ್ಪಾಗಬಾರದು ಅಂತ ಐದು ಬಣ್ಣದ ಒಂದು ಪಟ್ಟಿ ಮಾಡಿ, ಒಂದೇ ಪ್ರಿಂಟರ್‌ನಲ್ಲಿ ಎರಡು ಪ್ರತಿ ತೆಗೆದೆವು. ವಹಿಯ ಒಂದೊಂದು ಹಾಳೆಯಲ್ಲೂ ಎಡಕ್ಕೆ ಮರಾಠಿ, ಬಲಕ್ಕೆ ಕನ್ನಡ.

ಮೊದಲ ಎರಡು ತಿಂಗಳು ತಾಳೆ ಬರಲೇ ಇಲ್ಲ. ಅವರದು ನಮಗಿಂತ ಚೆನ್ನಾಗಿ ಬರುತ್ತಿತ್ತು. ನಮ್ಮ ಮಕ್ಕಳಿಗೆ ಸಂಶಯ ಬಂತು. ಒಂದು ಭಾನುವಾರ ಹೋಗಿ ನೋಡಿದಾಗ ಅವರು ಬಕೆಟ್‌ನಿಂದ ಬಾಟಲಿಗೆ ಸುರಿಯುತ್ತಿದ್ದರು. ಸುರಿಯುವಾಗ ಗಾಳಿ ಬೆರೆತು ಆಮ್ಲಜನಕ ಜಾಸ್ತಿ ತೋರಿಸುತ್ತಿತ್ತು. ನಾವು ಬಾಟಲಿಯನ್ನೇ ನೀರಲ್ಲಿ ಮುಳುಗಿಸುತ್ತಿದ್ದೆವು. ಇಷ್ಟು ಸಣ್ಣ ವ್ಯತ್ಯಾಸ. ಅದನ್ನು ಎದುರು ಕೂತು ಬಗೆಹರಿಸದಿದ್ದರೆ "ಅವರು ಬೇಕಂತಲೇ ಮುಚ್ಚಿಡುತ್ತಾರೆ" ಅನ್ನುವ ಮಾತು ನಮ್ಮೂರಲ್ಲಿ ಹುಟ್ಟಿಬಿಡುತ್ತಿತ್ತು. ಎರಡು ಜರ್ಮನಿಗಳ ಲ್ಯಾಬ್‌ಗಳು ಯಾಕೆ ಒಂದೇ ನೀರನ್ನು ಅಳೆದು ನೋಡುತ್ತಿದ್ದವು ಅಂತ ನನಗೆ ಅವತ್ತು ಚೆನ್ನಾಗಿ ಗೊತ್ತಾಯಿತು.

ನಮ್ಮ ಗಟಾರದ ಕೆಲಸ ಅರ್ಧ ಆಗಿದೆ. ಪಂಚಾಯ್ತಿಯವರು ಬಿಳಿ ಬಾಟಲಿ ನೋಡಿದ ಮೇಲೆ ಮೇಲಿನ ಓಣಿಯ ಮನೆಗಳಿಗೆ ಇಂಗುಗುಂಡಿ ಮಾಡಿಸಿದರು. ಕೆಳಗಿನ ಓಣಿಯದು ಬಾಕಿ ಇದೆ. ಅಲ್ಲಿ ಹೊಳೆ ಹತ್ತಿರ, ಅಗೆದರೆ ನೀರು ಬರುತ್ತದೆ, ಅದಕ್ಕೆ ಬೇರೆ ದಾರಿ ಬೇಕು. ಮೂರನೇ ಬಾಟಲಿ ಇನ್ನೂ ಬಿಳಿಯೇ ಬರುತ್ತಿದೆ.

ಮತ್ತೆ ಮಿರಗ ಬಂತು. ಮೇಲೆ ಮಳೆ ಹಿಡಿದ ಎರಡನೇ ದಿನ ಬೆಳಗ್ಗೆ ಏಳಕ್ಕೆ ನನ್ನ ಫೋನಿಗೆ ಒಂದು ಫೋಟೊ ಬಂತು. ಬಾಟಲಿ, ಪಕ್ಕದಲ್ಲಿ ಬಣ್ಣದ ಪಟ್ಟಿ, ಅದರ ಕೊನೆಯ ಮನೆಯ ಮೇಲೆ ಒಂದು ಮಗುವಿನ ಬೆರಳು. ಕೆಳಗೆ ಮಾಸ್ತರರ ಎರಡೇ ಶಬ್ದ: "ಆಜ್ ಪಾಂಢರೀ." ಇವತ್ತು ಬಿಳಿ.

ನಾನು ನೇರವಾಗಿ ವಾಟರ್‌ಮನ್ ಮನೆಗೆ ಹೋದೆ. ಅವತ್ತು ಹೊಳೆ ನಮ್ಮಲ್ಲಿ ಇನ್ನೂ ಚೆನ್ನಾಗಿತ್ತು. ಸಂಜೆಯೊಳಗೆ ಓವರ್‌ಹೆಡ್ ಟ್ಯಾಂಕ್ ತುಂಬಿಸಿ, ಹೊಳೆಯಿಂದ ನೀರೆತ್ತುವ ಜಾಕ್‌ವೆಲ್‌ನ ಪಂಪ್ ಬಂದ್ ಮಾಡಿದರು. ಮನೆಗಳಲ್ಲಿ ಹಂಡೆ, ಕೊಡ ತುಂಬಿಕೊಳ್ಳಲು ಡಂಗುರ ಹೊಡೆಸಿದರು. ಕಪ್ಪು ನೀರು ಮಾರನೇ ದಿನ ಮಧ್ಯಾಹ್ನ ಬಂತು. ಎರಡು ದಿನ ಊರು ಆ ನೀರನ್ನು ಮುಟ್ಟಲಿಲ್ಲ.

ಕಾಕಾ ದಂಡೆಯ ಮೇಲೆ ಕೂತಿದ್ದರು. ಬಲೆ ಮೊದಲೇ ಎಳೆದು ಇಟ್ಟಿದ್ದರು. ಮೀನು ಈ ಸಲವೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. "ನಮಗ ನಿನ್ನೇನ ಗೊತ್ತಾತ್ರಿ ಸರ್," ಅಂದರು. "ಇವಕ್ಕ ಯಾರ್ ಹೇಳೂದು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲೇ ಕೂತು, ಕುಡಚಿ ಕಡೆ ಇರುವ ಒಬ್ಬ ಮಾಸ್ತರರಿಗೆ ನಮ್ಮ ಬಾಟಲಿಯ ಫೋಟೊ ಕಳಿಸಿದೆ. ಕೆಳಗೆ ಬರೆದೆ: "ಇವತ್ತು ಬಿಳಿ."